ಕುದುರೆ ಕಾಲೂರದೆ ನಿಂತಾಗ: ಗೊರಸಿನೊಳಗಿನ ಕೀವಿನ ಬಗ್ಗೆ

ಸಂಜೆ ಚೆನ್ನಾಗಿ ಹುಲ್ಲು ತಿಂದು ನಿಂತಿದ್ದ ಕುದುರೆ. ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ನೋಡಿದರೆ ಮೂರು ಕಾಲಲ್ಲಿ ನಿಂತಿದೆ. ನಾಲ್ಕನೇ ಕಾಲಿನ ಗೊರಸಿನ ತುದಿ ಮಾತ್ರ ನೆಲಕ್ಕೆ ತಾಕಿದೆ. ಹಗ್ಗ ಹಿಡಿದು ಎಳೆದರೂ ಹೆಜ್ಜೆ ಇಡುವುದಿಲ್ಲ. ಮೈ ಬೆವರಿದೆ. ಮನೆಯವರೆಲ್ಲ ಕಾಲು ಮುರಿದೇ ಹೋಯಿತು ಅಂದುಕೊಳ್ಳುತ್ತಾರೆ.

ಹೆಚ್ಚಿನ ಸಲ ಮೂಳೆಗೆ ಏನೂ ಆಗಿರುವುದಿಲ್ಲ. ಗೊರಸಿನೊಳಗೆ ಕೀವು ಕಟ್ಟಿರುತ್ತದೆ. ನೋಡುವುದಕ್ಕೆ ಇಷ್ಟು ಭಯಂಕರವಾಗಿದ್ದರೂ, ಸರಿಯಾಗಿ ನೋಡಿಕೊಂಡರೆ ಇಷ್ಟು ಬೇಗ ವಾಸಿಯಾಗುವ ಕುಂಟು ಇನ್ನೊಂದಿಲ್ಲ. ತಪ್ಪಾಗಿ ನೋಡಿಕೊಂಡರೆ ತಿಂಗಳುಗಟ್ಟಲೆ ಎಳೆಯುತ್ತದೆ. ಕೆಲವು ಸಲ ಕುದುರೆಯೇ ಉಳಿಯುವುದಿಲ್ಲ. ಅದಕ್ಕೇ ಇದನ್ನು ಬಿಡಿಸಿ ಬರೆಯಬೇಕು ಅನ್ನಿಸಿತು.

ಚಿಂತಾಮಣಿ ಹತ್ತಿರದ ಹಳ್ಳಿ ನಮ್ಮದು. ತಾತ ಜಟಕಾ ಓಡಿಸುತ್ತಿದ್ದರು. ಈಗ ಮನೆಯಲ್ಲಿ ಎರಡು ಕುದುರೆ ಇವೆ, ಮದುವೆ ಮೆರವಣಿಗೆಗೆ, ಊರ ಉತ್ಸವಕ್ಕೆ ಕಳಿಸುತ್ತೇವೆ. ನಮ್ಮ ಕಡೆಗೆ ಕುದುರೆ ಹೊಸದೇನಲ್ಲ. ಆ ಕಡೆ ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿರುವ ಸ್ಟಡ್ ಫಾರಂ ಟಿಪ್ಪು ಸುಲ್ತಾನನ ಕಾಲದ್ದು. 400ಕ್ಕೂ ಹೆಚ್ಚು ಎಕರೆ ಜಾಗ. ಅವತ್ತು ಅವನ ಸೈನ್ಯಕ್ಕೆ ಕುದುರೆ ಬೆಳೆಸುತ್ತಿದ್ದ ಜಾಗದಲ್ಲಿ ಆಮೇಲೆ ರೇಸ್ ಕುದುರೆಗಳು ಬೆಳೆದವು. ಅಂಥ ಕಡೆ ಗೊರಸು ನೋಡಿಕೊಳ್ಳುವುದಕ್ಕೇ ಜನ ಇರುತ್ತಾರೆ. ಕಷ್ಟ ಇರುವುದು ನಮ್ಮಂತೆ ಒಂದೆರಡು ಕುದುರೆ ಇಟ್ಟುಕೊಂಡವರಿಗೆ. ಜಟಕಾ ಹೋದ ಹಾಗೇ ಲಾಳ ಕಟ್ಟುವವರೂ ಕಡಿಮೆಯಾದರು. ತಾಲ್ಲೂಕು ಪಶು ಆಸ್ಪತ್ರೆಗೆ ಬರುವುದು ಹಸು, ಎಮ್ಮೆ, ಕುರಿ. ಕುದುರೆ ಬರುವುದು ಅಪರೂಪ. ಹಾಗಾಗಿ ಒಳಗೆ ಏನಾಗುತ್ತಿದೆ ಅನ್ನುವುದು ಸಾಕಿದವರಿಗೂ ಸ್ವಲ್ಪ ಗೊತ್ತಿರಬೇಕು.

ಉಗುರುಸುತ್ತು ನೆನಪು ಮಾಡಿಕೊಳ್ಳಿ

ಉಗುರುಸುತ್ತು ಆದವರಿಗೆ ಈ ನೋವು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಬೆರಳ ತುದಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ರಾತ್ರಿಯೆಲ್ಲ ಕೈ ಮೇಲೆತ್ತಿ ಕೂತವರು ಎಷ್ಟೋ ಜನ. ಚೂರೇ ಚೂರು ಕೀವು. ಆದರೂ ಎದೆ ಬಡಿದ ಹಾಗೆಲ್ಲ ಬೆರಳು ಬಡಿಯುತ್ತದೆ. ಯಾಕೆ? ಉಗುರು ಗಟ್ಟಿ, ಹಿಗ್ಗುವುದಿಲ್ಲ. ಕೀವಿಗೆ ಹೋಗಲು ಜಾಗ ಇಲ್ಲ.

ಕುದುರೆಯ ಗೊರಸು ಅಂದರೆ ಒಂದು ದೊಡ್ಡ ಉಗುರು. ಕುದುರೆ ನಡೆಯುವುದೇ ಒಂದೊಂದು ಕಾಲಿನ ಒಂದೊಂದು ಬೆರಳಿನ ಮೇಲೆ. ಆ ಬೆರಳನ್ನು ಗೊರಸು ಸುತ್ತಲೂ ಮುಚ್ಚಿಕೊಂಡಿದೆ, ತಳವನ್ನೂ ಸೇರಿಸಿ. ಹೊರಗಿನ ಗೋಡೆಗೆ ಜೀವ ಇಲ್ಲ, ಮೊಳೆ ಹೊಡೆದರೂ ನೋವಾಗುವುದಿಲ್ಲ. ಅದರ ಒಳಗೆ ರಕ್ತ, ನರ ತುಂಬಿದ ಹಸಿ ಭಾಗ ಇದೆ. ಅದಕ್ಕೂ ಒಳಗೆ ಗೊರಸಿನ ಆಕಾರದ್ದೇ ಒಂದು ಮೂಳೆ. ಈ ಹಸಿಯೂ ಗೋಡೆಯೂ ನೂರಾರು ತೆಳು ಪದರಗಳಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಸಾಧಾರಣ ಕುದುರೆ ಅಂದರೂ 350–400 ಕಿಲೋ ತೂಗುತ್ತದೆ. ಅಷ್ಟು ಭಾರ ತೂಗಿಕೊಂಡಿರುವುದು ಆ ಹೆಣಿಗೆಯ ಮೇಲೆ. ಅದರಲ್ಲೂ ಮುಂಗಾಲುಗಳ ಮೇಲೆ ಭಾರ ಜಾಸ್ತಿ, ನೂರಕ್ಕೆ ಸುಮಾರು 60 ಪಾಲು. ಕೀವು ಮುಂಗಾಲಿನಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಇಂಥ ಮುಚ್ಚಿದ ಡಬ್ಬಿಯೊಳಗೆ ಒಂದು ಚಮಚ ಕೀವು ಸೇರಿಕೊಂಡರೆ ಏನಾಗುತ್ತದೆ ಯೋಚಿಸಿ. ಗೋಡೆ ಹಿಗ್ಗುವುದಿಲ್ಲ. ಒತ್ತಡವೆಲ್ಲ ಹಸಿ ಭಾಗದ ಮೇಲೆ ಬೀಳುತ್ತದೆ. ಕಾಲು ಊರಿದರೆ ಒತ್ತಡ ಇನ್ನೂ ಹೆಚ್ಚುತ್ತದೆ. ಅದಕ್ಕೇ ಕುದುರೆ ಕಾಲು ಊರುವುದಿಲ್ಲ. ಕುಂಟು ಇಷ್ಟು ಜೋರಾಗಿರುವುದು ರೋಗ ದೊಡ್ಡದು ಅಂತಲ್ಲ, ಜಾಗ ಚಿಕ್ಕದು ಅಂತ. ಇದೊಂದು ಮನಸ್ಸಿನಲ್ಲಿದ್ದರೆ ಚಿಕಿತ್ಸೆಯ ಉಳಿದ ಮಾತೆಲ್ಲ ತಾನಾಗೇ ಅರ್ಥವಾಗುತ್ತದೆ.

ಒಳಗೆ ಹೇಗೆ ಹೋಯಿತು?

ಗೊರಸನ್ನು ಎತ್ತಿ ತಳ ತೊಳೆದು ನೋಡಿ. ಗೋಡೆ ಮತ್ತು ಅಂಗಾಲು ಸೇರುವ ಕಡೆ ಸುತ್ತಲೂ ತಿಳಿ ಬಣ್ಣದ ಒಂದು ಗೆರೆ ಕಾಣುತ್ತದೆ. ಬಿಳಿ ಗೆರೆ ಅಂತಾರೆ, ನೋಡುವುದಕ್ಕೆ ಸ್ವಲ್ಪ ಹಳದಿ. ಗೊರಸಿನಲ್ಲಿ ಅತಿ ಮೆತ್ತಗಿನ ಸೇರುವೆ ಅದು. ಕೊಳಕು ಹೆಚ್ಚಾಗಿ ನುಗ್ಗುವುದು ಅಲ್ಲಿಂದಲೇ.

ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಆ ಎರಡು ತಿಂಗಳು ಗೊರಸು ನೆನೆದು ಮೆತ್ತಗಾಗುತ್ತದೆ. ಆಮೇಲೆ ಬಿಸಿಲು ಬಂದು ಒಣಗುತ್ತದೆ, ಸೀಳುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು. ಈ ಆಟದಲ್ಲಿ ಬಿಳಿ ಗೆರೆ ಬಿಟ್ಟುಕೊಳ್ಳುತ್ತದೆ. ಗರಸು ನೆಲದ ಸಣ್ಣ ಕಲ್ಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಲ್ಲಿನ ಜೊತೆ ಸಗಣಿ, ಮಣ್ಣು. ಅದರ ಜೊತೆ ಕೀವು ಮಾಡುವ ಸೂಕ್ಷ್ಮಾಣು. ಹಿಂದೆ ಇಂಗ್ಲಿಷರು ಈ ರೋಗಕ್ಕೆ ಗರಸು ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದರು. ಕಲ್ಲಿನ ಚೂರು ತಳದಿಂದ ಹೊಕ್ಕು ಗೊರಸಿನೊಳಗೇ ಹತ್ತಿ ಮೇಲೆ ಬಂದು ಹೊರಬೀಳುತ್ತದೆ ಅಂತ ಅವರು ನಂಬಿದ್ದರು. ಮೇಲಕ್ಕೆ ಹತ್ತುವುದು ಕಲ್ಲಲ್ಲ, ಕೀವು.

ಇನ್ನೊಂದು ದಾರಿ ಲಾಳದ ಮೊಳೆ. ಮೊಳೆ ಗೋಡೆಯಲ್ಲಿ ಇರಬೇಕು. ಸ್ವಲ್ಪ ಒಳಗೆ ಸರಿದು ಹಸಿಗೆ ತಾಕಿದರೆ ಕುದುರೆ ಆಗಲೇ ಕಾಲು ಕಿತ್ತುಕೊಳ್ಳುತ್ತದೆ. ಹಸಿಗೆ ತಾಕದೆ ಬರೀ ಹತ್ತಿರ ಹೋಗಿದ್ದರೆ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಕೆಲವು ದಿನ ಬಿಟ್ಟು ಕುಂಟು ಶುರು. ಲಾಳ ಕಟ್ಟಿಸಿ ವಾರ, ಹತ್ತು ದಿನದೊಳಗೆ ಕುಂಟಿದರೆ ಮೊದಲ ಅನುಮಾನ ಮೊಳೆಯ ಮೇಲೇ ಇರಲಿ. ಹಾಗಂತ ಲಾಳ ಕಟ್ಟಿದವರ ಜೊತೆ ಜಗಳ ಬೇಡ. ತೆಳು ಗೋಡೆಯ ಗೊರಸಿನಲ್ಲಿ ಎಂಥ ಕೈಚಳಕದವರಿಗೂ ಇದು ಆಗುತ್ತದೆ.

ಮೂರನೆಯದು ಹೊರಗಿನ ಮೊಳೆ, ಮುಳ್ಳು, ತಂತಿ. ಒಣಗಿದ ಕೆರೆಯಂಗಳದಲ್ಲೆಲ್ಲ ಬಳ್ಳಾರಿ ಜಾಲಿ ಬೆಳೆದಿದೆ, ಅದರ ಮುಳ್ಳು ಚಪ್ಪಲಿಯನ್ನೇ ತೂರಿಕೊಂಡು ಬರುತ್ತದೆ. ಮದುವೆ ಛತ್ರದ ಮುಂದೆ ಶಾಮಿಯಾನ ಕಿತ್ತ ಜಾಗದಲ್ಲಿ ಮೊಳೆಗಳು ಬಿದ್ದಿರುತ್ತವೆ. ಕಟ್ಟಡದ ಕೆಲಸ ನಡೆಯುವ ಬೀದಿಯಲ್ಲಂತೂ ಹೇಳುವುದೇ ಬೇಡ. ಮೊಳೆ ಚುಚ್ಚಿದ್ದರೆ ಅದರ ಕಥೆಯೇ ಬೇರೆ. ಅದನ್ನು ಕೆಳಗೆ ಬೇರೆಯಾಗೇ ಬರೆದಿದ್ದೇನೆ, ದಯವಿಟ್ಟು ಅದನ್ನು ಬಿಡಬೇಡಿ.

ಕೈಗೆ ಸಿಗುವ ಗುರುತುಗಳು

ಕುದುರೆ ಕುಂಟಿದ ಕೂಡಲೇ ಭುಜ ನೀವುವವರು, ಮೊಣಕಾಲಿಗೆ ಎಣ್ಣೆ ಹಚ್ಚುವವರು ಜಾಸ್ತಿ. ಮೊದಲು ಗೊರಸು ನೋಡಿ. ಕುಂಟಿನ ಕಾರಣ ಹೆಚ್ಚಿನ ಸಲ ಅಲ್ಲೇ ಇರುತ್ತದೆ.

ಗೊರಸಿನ ಮೇಲಿನ ಗೆಣ್ಣಿನ ಹಿಂದೆ, ಎರಡೂ ಪಕ್ಕದಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಾಗಿರುವ ಕುದುರೆಯಲ್ಲಿ ಅದು ಎಷ್ಟು ಮೆಲ್ಲಗೆ ಅಂದರೆ ಹುಡುಕಬೇಕಾಗುತ್ತದೆ. ಒಳಗೆ ಕೀವು ಇದ್ದರೆ ನಾಡಿ ಟಕ್ ಟಕ್ ಅಂತ ಬೆರಳಿಗೆ ಬಡಿಯುತ್ತದೆ. ಗೊರಸು ಮುಟ್ಟಿದರೆ ಬಿಸಿ. ಪಕ್ಕದ ಕಾಲನ್ನೂ ಮುಟ್ಟಿ ಹೋಲಿಸಿ ನೋಡಿ. ಈ ನಾಡಿ ಹುಡುಕುವುದನ್ನು ಕುದುರೆ ಚೆನ್ನಾಗಿರುವಾಗಲೇ ಕಲಿತುಕೊಳ್ಳಿ. ದಿನಾ ಮೈ ಉಜ್ಜುವಾಗ ಒಂದು ನಿಮಿಷ ಸಾಕು. ಚೆನ್ನಾಗಿರುವಾಗ ಹೇಗಿತ್ತು ಅಂತ ಬೆರಳಿಗೆ ಗೊತ್ತಿದ್ದರೆ ಮಾತ್ರ, ಕೆಟ್ಟಾಗ ಅದಕ್ಕೆ ತಿಳಿಯುವುದು.

ಡಾಕ್ಟರು ಇಕ್ಕಳದಂಥ ಒಂದು ಸಾಧನದಿಂದ ಗೊರಸನ್ನು ಸುತ್ತಲೂ ಇಂಚಿಂಚಾಗಿ ಅಮುಕುತ್ತಾರೆ. ಕೀವಿರುವ ಜಾಗಕ್ಕೆ ಬಂದಾಗ ಕುದುರೆ ಕಾಲು ಕಿತ್ತುಕೊಳ್ಳುತ್ತದೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಕುದುರೆಯ ಮೈಬಿಸಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಸಹಜ. 102 ದಾಟಿದ್ದರೆ, ಬಾವು ಗೆಣ್ಣು ದಾಟಿ ಮೇಲಕ್ಕೆ ಹತ್ತಿದ್ದರೆ, ಕುದುರೆ ಮೇವು ಬಿಟ್ಟಿದ್ದರೆ ಸೋಂಕು ಗೊರಸಿನಲ್ಲಷ್ಟೇ ನಿಂತಿಲ್ಲ ಅಂತ ಅರ್ಥ.

ಹಸು ಸಾಕಿದವರು ಇದನ್ನು ನೋಡಿ ಕಾಲುಬಾಯಿ ಜ್ವರ ಇರಬಹುದಾ ಅಂತ ಕೇಳುತ್ತಾರೆ. ಇಲ್ಲ. ಕಾಲುಬಾಯಿ ಜ್ವರ ಬರುವುದು ಸೀಳು ಗೊರಸಿನ ಪ್ರಾಣಿಗಳಿಗೆ. ಕುದುರೆಗೆ ಅದು ಬರುವುದಿಲ್ಲ.

ಇನ್ನೊಂದು ಗೊಂದಲ ಇದೆ. ಎರಡೂ ಮುಂಗಾಲು ಬಿಸಿಯಾಗಿ, ಕುದುರೆ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದರೆ ಅದು ಕೀವಲ್ಲದೆ ಗೊರಸಿನ ಒಳಪದರಗಳ ಉರಿಯೂತ ಇರಬಹುದು. ಲ್ಯಾಮಿನೈಟಿಸ್ ಅಂತಾರೆ. ಕಾಳು ಜಾಸ್ತಿ ತಿಂದ ಕುದುರೆಗೆ ಬರುವ ರೋಗ ಅದು. ಅದಕ್ಕೆ ಗೊರಸು ಕೆರೆಯುವುದು ಮದ್ದಲ್ಲ. ಬೇಗ ಡಾಕ್ಟರನ್ನು ಕರೆಸಬೇಕು.

ದಾರಿ ಬಿಡುವುದೇ ಚಿಕಿತ್ಸೆ

ಕೀವಿಗೆ ಕೆಳಗಡೆಯಿಂದ ಒಂದು ದಾರಿ ಬೇಕು. ಅಷ್ಟು ಸಿಕ್ಕರೆ ಮುಕ್ಕಾಲು ಕೆಲಸ ಆದ ಹಾಗೆ.

ಡಾಕ್ಟರೋ, ಅನುಭವ ಇರುವ ಲಾಳ ಕಟ್ಟುವವರೋ ಮೊದಲು ಲಾಳ ಬಿಚ್ಚುತ್ತಾರೆ. ಒಂದೊಂದೇ ಮೊಳೆ ಎಳೆಯುತ್ತಾರೆ. ಯಾವ ಮೊಳೆ ಎಳೆದಾಗ ಕುದುರೆ ಅದುರಿತು, ಯಾವುದರ ತುದಿ ಒದ್ದೆಯಾಗಿ ನಾತ ಹೊಡೆಯಿತು ಅಂತ ನೋಡುತ್ತಾರೆ. ತುದಿ ಬಾಗಿದ ಚಾಕುವಿನಿಂದ ತಳವನ್ನು ತೆಳ್ಳಗೆ ಕೆರೆದರೆ ಬಿಳಿ ಗೆರೆಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಕೆರೆದಾಗ ಅದು ಹೋಗಿಬಿಟ್ಟರೆ ಬರೀ ಕೊಳೆ. ಹೋಗದೆ ಒಳಗಿಳಿಯುತ್ತಾ ಹೋದರೆ ಅದೇ ದಾರಿ. ಅದನ್ನು ಹಿಂಬಾಲಿಸಿದರೆ ಒಂದು ಗಳಿಗೆಯಲ್ಲಿ ಬೂದುಗಪ್ಪು ನೀರು ಚಿಮ್ಮುತ್ತದೆ. ಕೆಲವು ಸಲ ಹಳದಿ ಕೀವು. ಆ ನಾತ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಕುದುರೆ ಎಷ್ಟೋ ಸಲ ಅಲ್ಲೇ ಒಂದು ದೊಡ್ಡ ಉಸಿರು ಬಿಟ್ಟು ತಲೆ ಇಳಿಸುತ್ತದೆ. ನೋಡಿದವರಿಗೆ ಮನಸ್ಸು ತುಂಬಿ ಬರುತ್ತದೆ.

ತೂತು ಎಷ್ಟು ದೊಡ್ಡದಿರಬೇಕು? ಕೀವು ಇಳಿಯುವಷ್ಟು. ಪೆನ್ಸಿಲ್ ದಪ್ಪ ಸಾಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಅನ್ನುವ ಮಾತು ಇಲ್ಲಿಗೆ ಅಕ್ಷರಶಃ ಸರಿ. ಕೀವು ಹುಡುಕುತ್ತಾ ಅರ್ಧ ಅಂಗಾಲನ್ನೇ ಕೆತ್ತಿ ತೆಗೆದರೆ ಒಳಗಿನ ಹಸಿ ಆ ತೂತಿನಿಂದ ಹೊರಗೆ ಉಬ್ಬಿಕೊಂಡು ಬರುತ್ತದೆ. ಕೀವಿನ ನೋವು ಎರಡು ದಿನದ್ದಾದರೆ, ಆ ನೋವು ಎರಡು ತಿಂಗಳದ್ದು. ರಕ್ತ ಬಂತು ಅಂದರೆ ಚಾಕು ನಿಲ್ಲಿಸಬೇಕು. ಮೊದಲ ಸಲಕ್ಕೆ ಕೀವು ಸಿಗದಿದ್ದರೂ ಪರವಾಗಿಲ್ಲ. ಎರಡು ದಿನ ಮೆತ್ತಗಾಗುವ ಹಾಗೆ ಕಟ್ಟು ಕಟ್ಟಿ ಮತ್ತೆ ನೋಡಬಹುದು.

ಚಾಕು ಹಿಡಿಯುವ ಈ ಒಂದು ಕೆಲಸ ಮಾತ್ರ ಮನೆಯವರದ್ದಲ್ಲ. ಮೂಳೆಗೂ ನೆಲಕ್ಕೂ ನಡುವೆ ಅಂಗಾಲಿನ ದಪ್ಪ ಎಷ್ಟು ಕಡಿಮೆ ಅಂತ ಗೊತ್ತಿದ್ದವರಿಗೆ ಕೈ ನಡುಗುತ್ತದೆ. ಗೊತ್ತಿಲ್ಲದವರಿಗೆ ಧೈರ್ಯ ಜಾಸ್ತಿ.

ದಾರಿ ಬಿಡದಿದ್ದರೆ ಏನಾಗುತ್ತದೆ? ಕೀವು ತಾನೇ ದಾರಿ ಮಾಡಿಕೊಳ್ಳುತ್ತದೆ. ಗೋಡೆ, ಅಂಗಾಲು ಎರಡೂ ಗಟ್ಟಿ. ಹಾಗಾಗಿ ಪದರಗಳ ನಡುವೆ ಮೇಲಕ್ಕೆ ಹತ್ತುತ್ತದೆ. ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನಲ್ಲೋ, ಹಿಂಬದಿಯ ಮೆತ್ತನೆ ಉಬ್ಬಿನಲ್ಲೋ ಒಡೆಯುತ್ತದೆ. ಅಷ್ಟು ದೂರ ಹೋಗುವಷ್ಟರಲ್ಲಿ ದಾರಿಯುದ್ದಕ್ಕೂ ಹೆಣಿಗೆ ಬಿಚ್ಚಿಕೊಂಡು ಬಂದಿರುತ್ತದೆ.

ನಮ್ಮ ಬಿಳಿ ಕುದುರೆಗೆ ಆದದ್ದು ಇದೇ. ಕಾರ್ತಿಕ ಮಾಸ, ಮದುವೆಗಳ ಸಾಲು, ಮೇಲೆ ಮಳೆ. ಒಂದು ಬೆಳಿಗ್ಗೆ ಬಲ ಮುಂಗಾಲು ಊರಲಿಲ್ಲ. ಪರಿಚಯದವರೊಬ್ಬರು ಬಂದು ಉಳುಕಿದೆ ಅಂದರು. ನೋವಿನ ಇಂಜೆಕ್ಷನ್, ಆಂಟಿಬಯೋಟಿಕ್ ಇಂಜೆಕ್ಷನ್, ದಿನಕ್ಕೆರಡು. ಐದು ದಿನ. ಇಂಜೆಕ್ಷನ್ ಹಾಕಿದ ದಿನ ಸ್ವಲ್ಪ ನಡೆಯುತ್ತಿತ್ತು, ಮಾರನೇ ದಿನ ಮತ್ತೆ ಅದೇ. ಗೊರಸನ್ನು ಯಾರೂ ಎತ್ತಿ ನೋಡಲಿಲ್ಲ. ನಾನೂ ನೋಡಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಒಂಬತ್ತನೇ ದಿನ ಗೊರಸಿನ ಮೇಲಂಚಿನಲ್ಲಿ ಒಡೆದು ಕೀವು ಸುರಿಯಿತು. ಆಮೇಲೆ ಬಂದ ಡಾಕ್ಟರು ಕೆಳಗಿನಿಂದಲೂ ದಾರಿ ಮಾಡಿದರು. “ಮೊದಲ ದಿನವೇ ಇದಕ್ಕೆ ದಾರಿ ಬಿಟ್ಟಿದ್ದರೆ ಇಷ್ಟು ನೋವು ತಿನ್ನುತ್ತಿರಲಿಲ್ಲಪ್ಪ” ಅಂದರು. ಬೈಯಲಿಲ್ಲ, ಅಷ್ಟೇ ಅಂದರು.

ಕಟ್ಟು ಕಟ್ಟುವುದು

ಇಲ್ಲಿಂದ ಮುಂದಿನದು ಮನೆಯವರ ಕೆಲಸ.

ಮೊದಲ ಎರಡು ಮೂರು ದಿನ ಗೊರಸನ್ನು ಉಪ್ಪು ನೀರಿನಲ್ಲಿ ನೆನೆಸಬೇಕು. ಅಡುಗೆ ಉಪ್ಪಲ್ಲ, ಎಪ್ಸಮ್ ಉಪ್ಪು. ಹಳಬರು ಭೇದಿ ಉಪ್ಪು ಅನ್ನುತ್ತಿದ್ದರು. ಹೆಸರು ಮೆಗ್ನೀಷಿಯಂ ಸಲ್ಫೇಟ್. ಕೋಲಾರದ ಕಡೆ ಟೊಮೆಟೊ ಬೆಳೆಯುವವರ ಮನೆಯಲ್ಲಿ ಗೊಬ್ಬರಕ್ಕೆ ತಂದದ್ದು ಇದ್ದೇ ಇರುತ್ತದೆ. ಉಪ್ಪು ಅದೇ, ಆದರೆ ಗಾಯಕ್ಕೆ ಮೆಡಿಕಲ್ ಶಾಪಿನದನ್ನೇ ತನ್ನಿ. ಅರ್ಧ ಬಕೆಟ್ ಬೆಚ್ಚನೆ ನೀರಿಗೆ ಎರಡು ದೊಡ್ಡ ಹಿಡಿ ಹಾಕಿ. ರಬ್ಬರ್ ಬಾಂಡ್ಲಿ ಇದ್ದರೆ ಒಳ್ಳೆಯದು, ಕುದುರೆ ಕಾಲಿಟ್ಟರೆ ಒಡೆಯುವುದಿಲ್ಲ, ಸದ್ದೂ ಆಗುವುದಿಲ್ಲ. ನೀರಿನ ಬಿಸಿಯನ್ನು ನಿಮ್ಮ ಮುಂಗೈ ಒಳಭಾಗಕ್ಕೆ ಹಾಕಿ ನೋಡಿಕೊಳ್ಳಿ. ಹದಿನೈದು ಇಪ್ಪತ್ತು ನಿಮಿಷ, ದಿನಕ್ಕೆ ಒಂದೋ ಎರಡೋ ಸಲ. ಮುಂದೆ ಸ್ವಲ್ಪ ಹುಲ್ಲು ಹಾಕಿದರೆ ಸುಮ್ನೆ ನಿಲ್ಲುತ್ತದೆ. ವಾರಗಟ್ಟಲೆ ನೆನೆಸಬೇಡಿ. ಗೊರಸು ಮೆತ್ತಗಾಗಿ ಹೊಸ ಸೀಳು ಬರುತ್ತದೆ.

ಆಮೇಲೆ ಒರೆಸಿ, ತೂತನ್ನು ಪೊವಿಡೋನ್ ಅಯೋಡಿನ್ ಬೆರೆಸಿದ ನೀರಿನಿಂದ ತೊಳೆಯಬೇಕು. ಹಾಲು ಹಾಕದ ತಿಳಿ ಟೀ ಬಣ್ಣಕ್ಕೆ ಬಂದರೆ ಸಾಕು. ಸೂಜಿ ತೆಗೆದ ಸಿರಿಂಜ್‌ನಲ್ಲಿ ಮೆಲ್ಲಗೆ ಹಾಯಿಸಿ. ರಭಸವಾಗಿ ಒತ್ತಿದರೆ ಕೊಳಕು ಒಳಕ್ಕೇ ಹೋಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ನೊರೆಯಾಗಿ ಏಳುವುದನ್ನು ನೋಡಿದರೆ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಆದರೆ ದಿನಾ ಹಾಕಿದರೆ ಹೊಸದಾಗಿ ಬರುತ್ತಿರುವ ಹಸಿ ಮಾಂಸವನ್ನೂ ಅದು ಸುಡುತ್ತದೆ.

ಇನ್ನು ಕೀವು ಎಳೆಯುವ ಲೇಪ. ಪೇಟೆಯಲ್ಲಿ ಸಿದ್ಧವಾದದ್ದು ಸಿಗುತ್ತದೆ. ನಮ್ಮಲ್ಲಿ ಹಾಲಿನ ಹಸು ಇಲ್ಲದ ಮನೆ ಕಡಿಮೆ, ಹಾಗಾಗಿ ಗೋಧಿ ಬೂಸಾ ಎಲ್ಲರ ಮನೆಯಲ್ಲೂ ಇರುತ್ತದೆ. ಎರಡು ಹಿಡಿ ಬೂಸಾ, ಒಂದು ಹಿಡಿ ಎಪ್ಸಮ್ ಉಪ್ಪು, ಬಿಸಿ ನೀರು. ಉಂಡೆ ಕಟ್ಟುವ ಹದಕ್ಕೆ ಕಲಸಿ, ಕೈಗೆ ತಾಳುವಷ್ಟು ಆರಿದ ಮೇಲೆ ತಳಕ್ಕೆ ಮೆತ್ತಿ. ಮೇಲೆ ಮಗುವಿನ ಡೈಪರ್. ಹೌದು, ಡೈಪರೇ. ಗೊರಸಿಗೆ ಅದಕ್ಕಿಂತ ಚೆನ್ನಾಗಿ ಕೂರುವುದು ಬೇರೆ ನಾನು ನೋಡಿಲ್ಲ. ಅದರ ಮೇಲೆ ಬ್ಯಾಂಡೇಜ್ ಬಟ್ಟೆಯನ್ನು ಎಂಟರ ಆಕಾರದಲ್ಲಿ ಸುತ್ತಿ. ಕೊನೆಗೆ ಅಗಲವಾದ ಗಟ್ಟಿ ಟೇಪನ್ನು ಅಡ್ಡ ಉದ್ದ ಅಂಟಿಸಿ ಒಂದು ಚೌಕ ಮಾಡಿಕೊಂಡು ತಳಕ್ಕೆ ಹಾಕಿ ಸುತ್ತಿ. ತಳಕ್ಕೆ ಲಾರಿ ಟ್ಯೂಬಿನ ತುಂಡು ಸೇರಿಸಿದರೆ ಇನ್ನೂ ಬಾಳಿಕೆ. ಟೇಪು ಗೊರಸಿನ ಮೇಲೇ ನಿಲ್ಲಬೇಕು. ಕೂದಲಿರುವ ಜಾಗಕ್ಕೆ ಬಿಗಿಯಾಗಿ ಬಂದರೆ ರಕ್ತ ಓಡಾಟ ನಿಂತು ಬೇರೆ ಗಾಯ ಆಗುತ್ತದೆ. ಬೂಸಾ ವಾಸನೆಗೆ ಕೆಲವು ಕುದುರೆಗಳು ಕಟ್ಟನ್ನೇ ಕಚ್ಚಿ ಬಿಚ್ಚುತ್ತವೆ, ಅದಕ್ಕೂ ಈ ಟೇಪು ಬೇಕು.

ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಗೊರಸು ಕಟ್ಟಿಡುವವರಿದ್ದಾರೆ. ಒಂದು ರಾತ್ರಿಗೆ ಸರಿ. ಹಾಗೇ ಬಿಟ್ಟರೆ ಒಳಗೆ ಬೆವರಿ ಕೊಳೆಯುತ್ತದೆ. ಬರೀ ಗೋಣಿಚೀಲ ಸಗಣಿ ನೀರನ್ನೆಲ್ಲ ಹೀರಿಕೊಂಡು ಗಾಯಕ್ಕೇ ಒತ್ತಿ ಹಿಡಿಯುತ್ತದೆ.

ಕಟ್ಟನ್ನು ದಿನಾ ಬಿಚ್ಚಿ ನೋಡಬೇಕು. ಬಿಚ್ಚಿದ ಹತ್ತಿಯೇ ವರದಿ. ಮೊದಲ ದಿನ ಕಪ್ಪು, ಆಮೇಲೆ ಹಳದಿ, ಆಮೇಲೆ ಒಣ. ಕೀವು ನಿಂತ ಮೇಲೆ ಲೇಪ ನಿಲ್ಲಿಸಿ, ಅಯೋಡಿನ್ ಹತ್ತಿ ಇಟ್ಟು ಒಣ ಕಟ್ಟು ಕಟ್ಟಿ. ತೂತಿನ ತಳ ಗಟ್ಟಿಯಾಗಿ ಒಣಗುವವರೆಗೆ ಬಿಗಿಯಾಗಿ ಮುಚ್ಚಬೇಡಿ. ಒಳಗೆ ಕೀವು ಉಳಿದಿರುವಾಗಲೇ ಮೇಣವೋ ಎಂಸೀಲ್‌ನಂಥದ್ದೋ ತುರುಕಿ ಮುಚ್ಚಿದರೆ ಮತ್ತೆ ಮೊದಲಿನಿಂದ ಶುರು.

ದ್ರಾಕ್ಷಿ ತೋಟ ಇರುವ ನಮ್ಮ ಚಿಕ್ಕಬಳ್ಳಾಪುರದ ಕಡೆ ಮೈಲುತುತ್ತ ಎಲ್ಲರಿಗೂ ಗೊತ್ತು, ಬೋರ್ಡೋ ದ್ರಾವಣಕ್ಕೆ ತಂದಿಟ್ಟಿರುತ್ತಾರೆ. ಗೊರಸು ಕೊಳೆತರೆ ಅದರ ನೀರು ಹಚ್ಚುವುದು ಹಳೆಯ ರೂಢಿ. ಅಂಗಾಲಿನ ಮೇಲ್ಮೈ ಕೊಳೆತಾಗ ಸೌಮ್ಯವಾಗಿ ಬೆರೆಸಿ ಹಚ್ಚುವುದು ನಡೆಯುತ್ತದೆ. ಆದರೆ ಹಸಿ ಕಾಣುವ ತೂತಿಗೆ ಮೈಲುತುತ್ತದ ಪುಡಿ ತುಂಬುವುದು ಸುಟ್ಟ ಗಾಯದ ಮೇಲೆ ಸುಣ್ಣ ಹಾಕಿದ ಹಾಗೆ. ಸೀಮೆಎಣ್ಣೆ, ಬ್ಯಾಟರಿ ಆಸಿಡ್, ಸುಟ್ಟ ಆಯಿಲ್, ಕಾದ ಕಬ್ಬಿಣ ಯಾವುದೂ ಬೇಡ. ಮೂಕಪ್ರಾಣಿ, ಉರಿಯುತ್ತೆ ಅಂತ ಹೇಳಲಾರದು.

ಆಂಟಿಬಯೋಟಿಕ್ ಬೇಕಾ?

ಕೀವು ಗೊರಸಿನೊಳಗಷ್ಟೇ ಇದ್ದು, ದಾರಿ ಸಿಕ್ಕಿದ್ದರೆ ಹೆಚ್ಚಿನ ಸಲ ಬೇಡ. ಇದನ್ನು ನಂಬಲು ನಮ್ಮ ಜನಕ್ಕೆ ಕಷ್ಟ, ಇಂಜೆಕ್ಷನ್ ಹಾಕದೆ ಹೋದ ಡಾಕ್ಟರು ಡಾಕ್ಟರೇ ಅಲ್ಲ ಅನ್ನುವಷ್ಟು. ಕಾರಣ ಹೀಗಿದೆ. ಔಷಧಿ ಹೋಗುವುದು ರಕ್ತದ ಜೊತೆ. ಕೀವಿನ ಗುಂಡಿಯೊಳಗೆ ರಕ್ತ ಹರಿಯುವುದಿಲ್ಲ. ಔಷಧಿ ಅಂಚಿಗೆ ಬಂದು ನಿಲ್ಲುತ್ತದೆ. ಸೂಕ್ಷ್ಮಾಣು ಅರೆಬರೆ ಸತ್ತು, ಕೀವು ನಿಧಾನವಾಗಿ ಬೆಳೆಯುತ್ತದೆ. ಎರಡು ದಿನದಲ್ಲಿ ಮುಗಿಯುವುದು ಎರಡು ವಾರವಾಗುತ್ತದೆ. ಜ್ವರ ಇದ್ದರೆ, ಬಾವು ಮೇಲೆ ಹತ್ತಿದ್ದರೆ, ಮೂಳೆಗೋ ಕೀಲಿಗೋ ಸೋಂಕು ತಾಕಿದ್ದರೆ ಆಂಟಿಬಯೋಟಿಕ್ ಖಂಡಿತ ಬೇಕು. ಆ ತೀರ್ಮಾನ ಡಾಕ್ಟರದ್ದು.

ನೋವಿನ ಔಷಧಿಯೂ ಹಾಗೆ. ಕುದುರೆಗೆ ನೋವು ಕಡಿಮೆ ಮಾಡುವುದು ಧರ್ಮ, ಆದರೆ ಕೀವಿನ ಜಾಗ ಹುಡುಕುವ ಮುಂಚೆಯೇ ಕೊಟ್ಟರೆ ನೋವಿರುವ ಜಾಗ ಗೊತ್ತಾಗುವುದಿಲ್ಲ. ಡೋಸ್ ಜಾಸ್ತಿಯಾದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಮನುಷ್ಯರ ಇಂಜೆಕ್ಷನ್ ತಂದು ಚುಚ್ಚುವುದಂತೂ ಬೇಡವೇ ಬೇಡ. ಡೈಕ್ಲೋಫಿನ್ಯಾಕ್ ಅನ್ನು ಪಶುಗಳಿಗೆ ಕೊಡುವುದಕ್ಕೆ 2006ರಲ್ಲೇ ದೇಶದಲ್ಲಿ ನಿಷೇಧ ಬಂತು. ಅದನ್ನು ಚುಚ್ಚಿಸಿಕೊಂಡು ಸತ್ತ ದನದ ಮಾಂಸ ತಿಂದು ರಣಹದ್ದುಗಳು ಗುಂಪುಗುಂಪಾಗಿ ಸತ್ತವು. 2023ರಲ್ಲಿ ಕೀಟೋಪ್ರೊಫೇನ್, ಅಸಿಕ್ಲೋಫಿನ್ಯಾಕ್ ಕೂಡ ಅದೇ ಕಾರಣಕ್ಕೆ ಪಶುಗಳಿಗೆ ನಿಷೇಧವಾದವು. ಮೆಲಾಕ್ಸಿಕ್ಯಾಮ್, ಫ್ಲುನಿಕ್ಸಿನ್ ಮುಂತಾದವುಗಳಲ್ಲಿ ಯಾವುದು, ಎಷ್ಟು ಅಂತ ಡಾಕ್ಟರು ತೂಕ ನೋಡಿ ಬರೆಯುತ್ತಾರೆ.

ದಾರಿ ಬಿಟ್ಟ ಮೇಲೆ ಒಂದೆರಡು ದಿನದಲ್ಲಿ ಕುದುರೆ ಕಾಲು ಊರಲೇಬೇಕು. ಮೂರು ದಿನವಾದರೂ ಊರದಿದ್ದರೆ ಎಲ್ಲೋ ಇನ್ನೊಂದು ಗುಂಡಿ ಉಳಿದಿದೆ, ಇಲ್ಲವೇ ಮೂಳೆಗೆ ಏನೋ ಆಗಿದೆ. ಆಗ ಎಕ್ಸ್‌ರೇ ಬೇಕು.

ಮೊಳೆ ಚುಚ್ಚಿದ್ದರೆ ಕೀಳಬೇಡಿ

ಅಂಗಾಲಿನ ಹಿಂಬದಿಯಲ್ಲಿ ಮೂರು ಮೂಲೆಯಾಗಿ, ಮೆತ್ತನೆ ರಬ್ಬರಿನಂತೆ ಒಂದು ಭಾಗ ಇದೆ. ಡಾಕ್ಟರು ಅದನ್ನು ಫ್ರಾಗ್ ಅನ್ನುತ್ತಾರೆ. ಮೆತ್ತಗಿರುವುದರಿಂದ ಮೊಳೆ ಅಲ್ಲಿ ಸಲೀಸಾಗಿ ಇಳಿಯುತ್ತದೆ. ಅದರ ಮಧ್ಯಭಾಗದ ಸರಿ ಮೇಲೆ ಕಾಲನ್ನು ಮಡಿಸುವ ದೊಡ್ಡ ಸ್ನಾಯುರಜ್ಜು, ದೋಣಿಯಾಕಾರದ ಒಂದು ಚಿಕ್ಕ ಮೂಳೆ, ಅವೆರಡರ ನಡುವೆ ನೀರು ತುಂಬಿದ ಒಂದು ಚೀಲ ಇವೆ. ಪಕ್ಕದಲ್ಲೇ ಕೀಲು. ಮೊಳೆ ಅಲ್ಲಿಗೆ ತಲುಪಿದರೆ ಕೀಲಿನೊಳಗೇ ಸೋಂಕು. ಬೇಗ ಆಪರೇಷನ್ ಆಗದಿದ್ದರೆ ಕುದುರೆ ಉಳಿಯುವುದು ಕಷ್ಟ. ಮೋಸ ಏನೆಂದರೆ, ಮೊಳೆ ಕಿತ್ತ ಕೂಡಲೇ ಫ್ರಾಗ್ ತೂತನ್ನು ಮುಚ್ಚಿಕೊಂಡುಬಿಡುತ್ತದೆ. ಹೊರಗೆ ಚುಕ್ಕೆಯೂ ಕಾಣುವುದಿಲ್ಲ. ಎರಡು ದಿನ ಕುದುರೆ ಚೆನ್ನಾಗಿ ನಡೆಯಲೂಬಹುದು.

ಹಾಗಾಗಿ ಮೊಳೆ ಕಂಡರೆ ಕೀಳುವ ಆಸೆ ಅದುಮಿಕೊಳ್ಳಿ. ಮೊಳೆ ಇನ್ನೂ ಒಳಗೆ ಹೋಗದಂತೆ ಅದರ ಎರಡೂ ಪಕ್ಕ ಮರದ ತುಂಡೋ ಮಡಿಸಿದ ದಪ್ಪ ಬಟ್ಟೆಯೋ ಇಟ್ಟು ಟೇಪಿನಲ್ಲಿ ಸುತ್ತಿ. ಕುದುರೆಯನ್ನು ನಡೆಸಬೇಡಿ. ಮೊಳೆ ಇರುವಾಗಲೇ ಎಕ್ಸ್‌ರೇ ತೆಗೆದರೆ ಯಾವ ಕಡೆ, ಎಷ್ಟು ಆಳ ಹೋಗಿದೆ ಅಂತ ಡಾಕ್ಟರಿಗೆ ಸ್ಪಷ್ಟವಾಗಿ ಕಾಣುತ್ತದೆ. ಕುದುರೆ ನಿಲ್ಲದೆ ತುಳಿಯುತ್ತಿದೆ, ಕೀಳದೆ ಬೇರೆ ದಾರಿ ಇಲ್ಲ ಅಂದರೆ, ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಿತ್ತ ಮೇಲೆ ಚುಚ್ಚಿದ ಜಾಗದ ಸುತ್ತ ಪೆನ್ನಿನಲ್ಲಿ ಗುರುತು ಹಾಕಿ. ಮೊಳೆಯನ್ನು ಬಿಸಾಡಬೇಡಿ, ಎಷ್ಟು ಒಳಗಿತ್ತು ಅಂತ ಗುರುತು ಮಾಡಿ ಡಾಕ್ಟರಿಗೆ ತೋರಿಸಿ. ಅವತ್ತೇ ತೋರಿಸಿ. ನಾಳೆ ನೋಡೋಣ ಅನ್ನುವ ಗಾಯ ಇದಲ್ಲ.

ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ. ದೊಡ್ಡ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಚಿಕ್ಕಬಳ್ಳಾಪುರದಿಂದ ಹೊರಟರೆ ಹೆದ್ದಾರಿ ನೇರ ಹೆಬ್ಬಾಳಕ್ಕೇ ಬರುತ್ತದೆ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಕುಂಟುವ ಕುದುರೆಯನ್ನು ಟೆಂಪೋದಲ್ಲಿ ಸುಮ್ನೆ ಅಲೆಸುವುದು ಬೇಡ.

ಧನುರ್ವಾಯು

ಮಣ್ಣು, ಸಗಣಿ, ಲದ್ದಿ ಎಲ್ಲದರಲ್ಲೂ ಧನುರ್ವಾಯುವಿನ ಸೂಕ್ಷ್ಮಾಣು ಇರುತ್ತದೆ. ಗಾಳಿಯಾಡದ ಆಳದ ಗಾಯ ಅದಕ್ಕೆ ಇಷ್ಟ. ಗೊರಸಿನ ತೂತು ಅಂದರೆ ಅದಕ್ಕೆ ಹೇಳಿ ಮಾಡಿಸಿದ ಮನೆ. ಸಾಕುಪ್ರಾಣಿಗಳಲ್ಲೆಲ್ಲ ಈ ರೋಗಕ್ಕೆ ಬೇಗ ತುತ್ತಾಗುವುದು ಕುದುರೆ. ಗಾಯವಾದ ಒಂದರಿಂದ ಮೂರು ವಾರದೊಳಗೆ ಗುರುತು ಕಾಣುತ್ತದೆ. ಕಾಲುಗಳು ಮರದ ಕುದುರೆಯಂತೆ ಸೆಟೆದುಕೊಳ್ಳುತ್ತವೆ. ಬಾಲ ಎತ್ತಿರುತ್ತದೆ, ಕಿವಿ ನಿಮಿರಿರುತ್ತದೆ. ಕಣ್ಣಿನ ಒಳಮೂಲೆಯಿಂದ ಒಂದು ಪೊರೆ ಅಡ್ಡ ಬರುತ್ತದೆ. ಬಾಯಿ ಬಿಡಲು ಆಗುವುದಿಲ್ಲ. ಅಲ್ಲಿಗೆ ಬಂದರೆ ಹೆಚ್ಚಿನವು ಉಳಿಯುವುದಿಲ್ಲ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಗ ಓಡಾಡಿ ಪ್ರಯೋಜನ ಕಡಿಮೆ.

ಮುಂಚೆಯೇ ಮಾಡುವ ಕೆಲಸ ಬಹಳ ಸುಲಭ. ಮೊದಲ ಸಲ ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಟಿಟಿ ಇಂಜೆಕ್ಷನ್, ಆಮೇಲೆ ವರ್ಷಕ್ಕೊಂದು. ಗಾಯವಾದಾಗ ಹಿಂದಿನ ಇಂಜೆಕ್ಷನ್ ಆಗಿ ಆರು ತಿಂಗಳು ದಾಟಿದ್ದರೆ ಇನ್ನೊಂದು. ಎಂದೂ ಹಾಕಿಸಿಲ್ಲ, ಅಥವಾ ನೆನಪಿಲ್ಲ ಅಂದರೆ ಡಾಕ್ಟರು ಸಿದ್ಧ ಪ್ರತಿವಿಷವನ್ನೂ ಜೊತೆಗೆ ಕೊಡುತ್ತಾರೆ. ಗೊರಸು ತೊಳೆಯುವ ನಿಮ್ಮ ಕೈಗೂ ಗಾಯಗಳಾಗುತ್ತವೆ. ನಿಮ್ಮ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ನೋಡಿಕೊಳ್ಳಿ.

ಮೂರು ಕಾಲಿನ ಭಾರ

ಕುದುರೆ ಒಂದು ಕಾಲು ಊರದೆ ದಿನಗಟ್ಟಲೆ ನಿಂತರೆ ಅದರ ಜೋಡಿ ಕಾಲಿನ ಮೇಲೆ ಎರಡರಷ್ಟು ಭಾರ. ಆ ಒಳ್ಳೆಯ ಗೊರಸಿನ ಹೆಣಿಗೆಯೇ ಬಿಟ್ಟುಕೊಳ್ಳಬಹುದು. ಕೆಟ್ಟ ಕಾಲು ವಾಸಿಯಾಗುವಷ್ಟರಲ್ಲಿ ಒಳ್ಳೆಯ ಕಾಲು ಹೋದ ಕುದುರೆಗಳಿವೆ. ಅದಕ್ಕೇ ಕಟ್ಟುವ ಜಾಗದಲ್ಲಿ ದಪ್ಪಗೆ ಒಣ ಹುಲ್ಲು ಹಾಸಿ. ಮಲಗಲು ಮನಸ್ಸಾಗಬೇಕು, ಮಲಗಿದರೆ ನಾಲ್ಕೂ ಕಾಲಿಗೆ ವಿಶ್ರಾಂತಿ. ಹಗ್ಗ ಮಲಗುವಷ್ಟು ಉದ್ದ ಇರಲಿ. ಕೆಲಸ ಇಲ್ಲದ ದಿನಗಳಲ್ಲಿ ಹುರುಳಿ, ಬೂಸಾ ಕಡಿಮೆ ಮಾಡಿ, ಹುಲ್ಲು ಜಾಸ್ತಿ ಕೊಡಿ. ಜೋಡಿ ಕಾಲಿನ ನಾಡಿಯನ್ನೂ ದಿನಾ ಮುಟ್ಟಿ ನೋಡಿ.

ತೂತು ಒಣಗಿ ಅದರ ತಳ ಗಟ್ಟಿಯಾದ ಮೇಲೆ ಲಾಳ ಕಟ್ಟಿಸಬಹುದು. ಗಾಯ ಚಿಕ್ಕದಾದರೆ ಒಂದೆರಡು ವಾರ ಸಾಕು. ಲಾಳದ ಕೆಳಗೆ ಒಂದು ಚರ್ಮದ ತುಂಡು ಸೇರಿಸಿ ಕಟ್ಟಿದರೆ ಗಾಯಕ್ಕೆ ಕಲ್ಲು ತಾಕುವುದಿಲ್ಲ. ಮದುವೆಗೆ ಮಾತು ಕೊಟ್ಟಿದ್ದೇವೆ, ಅಡ್ವಾನ್ಸ್ ತಗೊಂಡಿದ್ದೇವೆ ಅಂತ ಬ್ಯಾಂಡೇಜಿನ ಮೇಲೇ ಗೆಜ್ಜೆ ಕಟ್ಟಿ ಕಳಿಸಬೇಡಿ. ಅಡ್ವಾನ್ಸ್ ವಾಪಸ್ ಕೊಡಬಹುದು.

ನಮ್ಮ ಬಿಳಿ ಕುದುರೆಯ ಗೊರಸಿನ ಮೇಲಂಚಿನಲ್ಲಿ ಒಡೆದ ಜಾಗ ವಾಸಿಯಾದ ಮೇಲೆ ಅಡ್ಡಲಾಗಿ ಒಂದು ಸೀಳು ಉಳಿಯಿತು. ಗೊರಸು ಬೆಳೆಯುವುದು ಮೇಲಿನಿಂದ ಕೆಳಕ್ಕೆ, ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಸೀಳೂ ಅದರ ಜೊತೆಗೇ ಇಳಿಯುತ್ತಾ ಬಂತು. ಸಂಕ್ರಾಂತಿಗೆ ಕೂದಲಿನಿಂದ ಎರಡು ಬೆರಳು ಕೆಳಗೆ. ಯುಗಾದಿಗೆ ಅರ್ಧಕ್ಕೆ. ಪ್ರತಿ ಸಲ ಲಾಳ ಬದಲಾಯಿಸುವಾಗ ಅದನ್ನು ಬೆರಳಿನಿಂದ ಸವರಿ ನೋಡುತ್ತಿದ್ದೆ. ಶ್ರಾವಣ ಬರುವ ಹೊತ್ತಿಗೆ ನೆಲದ ಹತ್ತಿರ ಬಂದಿತ್ತು. ಲಾಳ ಕಟ್ಟುವ ಸಾಹೇಬರು ಗೊರಸನ್ನು ತೊಡೆಯ ಮೇಲಿಟ್ಟುಕೊಂಡು, ಅರದಿಂದ ನಾಲ್ಕು ಸಲ ಉಜ್ಜಿ ಅದನ್ನು ತೆಗೆದುಹಾಕಿದರು.